ಆರ್ಡರ್ ಚಿತ್ರ: ಬಣ್ಣ ಕಲಸುವ ಮೊದಲು

ಚಿಕ್ಕಮಗಳೂರಿನಲ್ಲಿ ತೈಲವರ್ಣದ ಭಾವಚಿತ್ರಗಳನ್ನೂ ಕಾಫಿ ತೋಟದ ದೃಶ್ಯಗಳನ್ನೂ ಬರೆದುಕೊಡುವುದು ನನ್ನ ವೃತ್ತಿ. ಬರುವ ಆರ್ಡರ್‌ಗಳಲ್ಲಿ ಹೆಚ್ಚಿನವು ಗೃಹಪ್ರವೇಶಕ್ಕೋ ನಿವೃತ್ತಿಯ ಉಡುಗೊರೆಗೋ ತೀರಿಕೊಂಡ ಹಿರಿಯರ ನೆನಪಿಗೋ ಆಗಿರುತ್ತವೆ. ಅಳತೆ, ಬೆಲೆ, ಕೊಡುವ ದಿನ ಇಷ್ಟನ್ನೂ ಒಂದು ಪುಟದಲ್ಲಿ ಬರೆದು, ಇಬ್ಬರೂ ಸಹಿ ಮಾಡಿ, ಅರ್ಧ ಹಣ ಮುಂಗಡವಾಗಿ ಬಂದ ಮೇಲೆಯೇ ನಾನು ಕ್ಯಾನ್ವಾಸ್ ಬಿಗಿಯುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಮಾತು ಬೇಡುವುದು ಭಾವಚಿತ್ರ. ಕೈಗೆ ಸಿಗುವುದು ಹಳೆಯ ಕಪ್ಪು-ಬಿಳುಪು ಫೋಟೊ ಅಥವಾ ಗುರುತಿನ ಚೀಟಿಯಲ್ಲಿರುವ ಹೆಬ್ಬೆರಳಗಲದ ಮುಖ. ಮೈಬಣ್ಣ, ಪೇಟದ ಅಂಚು, ಕಿವಿಯ ಒಂಟಿ ಯಾವುದೂ ಅದರಲ್ಲಿ ತಿಳಿಯುವುದಿಲ್ಲ. ಅಜ್ಜನ ಪೇಟದ ಅಂಚು ಕೆಂಪೆಂದು ಮಗಳು, ಹಸಿರೆಂದು ಮಗ ಹೇಳಿದ ಮನೆಯೊಂದರಲ್ಲಿ, "ಅಕ್ಕಾ, ಮನೆಯವರೆಲ್ಲ ನೋಡಲಿ, ಆದರೆ ಒಪ್ಪಿಗೆ ಹೇಳುವವರು ನೀವೊಬ್ಬರೇ ಆಗಿರಿ" ಎಂದು ಕೇಳಿಕೊಂಡೆ. ಅಂದಿನಿಂದ ಒಪ್ಪಿಗೆ ಕೊಡುವವರ ಹೆಸರನ್ನೂ ಆ ಪುಟದಲ್ಲಿ ಸೇರಿಸುತ್ತೇನೆ. ಚಿತ್ರದ ಪೂರ್ಣ ಅಳತೆಯಲ್ಲೇ ಪೆನ್ಸಿಲ್ ಕರಡು, ಅಂಗೈಯಗಲದ ಬಣ್ಣದ ಮಾದರಿ ಎರಡನ್ನೂ ಅವರಿಗೆ ತೋರಿಸುತ್ತೇನೆ. ಮುಖಭಾವ ಮತ್ತು ಭಂಗಿಯ ಬದಲಾವಣೆಗಳಿಗೆ ಅಲ್ಲಿಯೇ ಅವಕಾಶ.

ಕೊಡುವ ದಿನವನ್ನು ಮಾತ್ರ ಮಳೆ ನೋಡಿ ಗೊತ್ತುಮಾಡಬೇಕು. ತೈಲವರ್ಣವು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಮಲೆನಾಡಿನ ಆಷಾಢದ ತಂಪಿನಲ್ಲಿ ಈ ಕ್ರಿಯೆ ಬಹಳ ನಿಧಾನವಾಗುವುದರಿಂದ ಶ್ರಾವಣದ ಗೃಹಪ್ರವೇಶಕ್ಕೆ ಬೇಕಾದ ಚಿತ್ರವನ್ನು ಬೇಸಿಗೆಯಲ್ಲೇ ಹೇಳಿಡುವಂತೆ ವಿನಂತಿಸುತ್ತೇನೆ. ಕೊನೆಯ ವಾರ್ನಿಷ್‌ಗೆ ಆರು ತಿಂಗಳಾದರೂ ಕಾಯಬೇಕು. ಅದನ್ನು ಆಮೇಲೆ ಅವರ ಮನೆಗೇ ಹೋಗಿ ಹಚ್ಚಿ ಬರುತ್ತೇನೆ. ತೋಟ ಹೂಬಿಟ್ಟಿರುವ ಚಿತ್ರ ಬೇಕೆನ್ನುವವರಿಗೆ ಇನ್ನೊಂದು ಮಾತು ಹೇಳುವುದುಂಟು: ಹೂಮಳೆಯ ನಂತರ ಅರಳುವ ಆ ಬಿಳುಪು ಕೆಲವೇ ದಿನ ನಿಲ್ಲುತ್ತದೆ, ಫೋಟೊಗಳನ್ನು ಆಗಲೇ ತೆಗೆದಿಟ್ಟುಕೊಳ್ಳಬೇಕು.

ಹಕ್ಕಿನ ವಿಷಯವನ್ನು ಕಲಾವಿದ ಮಿತ್ರರು ಕಡೆಗಣಿಸುವುದು ನನಗೆ ನೋವು ತರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ, ಹಣ ಪಡೆದು ಇನ್ನೊಬ್ಬರ ಕೋರಿಕೆಯ ಮೇರೆಗೆ ಬರೆದ ವರ್ಣಚಿತ್ರ ಅಥವಾ ಭಾವಚಿತ್ರದ ಕೃತಿಸ್ವಾಮ್ಯವು, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ಬರೆಸಿದವರಿಗೇ ಸೇರುತ್ತದೆ. ಆದ್ದರಿಂದ ಚಿತ್ರ ಅವರದು, ಅದನ್ನು ಅಚ್ಚು ಹಾಕಿಸುವ ಹಕ್ಕು ನನ್ನದು ಎಂಬ ಸಾಲು ಆ ಪುಟದಲ್ಲಿ ಇದ್ದೇ ಇರುತ್ತದೆ. ಮನೆಯ ಗೋಡೆಗೆಂದು ಬರೆಸುವವರು ಇದಕ್ಕೆ ತಕರಾರು ಮಾಡುವುದಿಲ್ಲ. ಹೋಂಸ್ಟೇ ನಡೆಸುವವರು ಅದೇ ಚಿತ್ರವನ್ನು ಕ್ಯಾಲೆಂಡರಿಗೋ ಕಾಫಿಪುಡಿಯ ಪೊಟ್ಟಣಕ್ಕೋ ಬಳಸಲು ಬಯಸಿದರೆ, ಎಷ್ಟು ಪ್ರತಿ, ಎಷ್ಟು ವರ್ಷ ಎಂಬುದನ್ನು ಕೇಳಿ ಅದಕ್ಕೆ ಬೇರೆಯೇ ದರ ಹೇಳುತ್ತೇನೆ.