ರಾಮಾಯಣ ಅರ್ಧಕ್ಕೆ ನಿಲ್ಲಿಸಿ ಕಾಂಬೋಡಿಯದ ಕಥೆ ಹೇಳಿದ್ದು

"ಗಣಪತಿ, ಸರಸ್ವತಿ ಆದಮೇಲೆ ಯಾವುದೋ ದೇಶದ ಸತ್ತವರ ಕಥೆ ಹೇಳ್ತೀಯೇನೋ? ಯಾರು ಕೂತು ನೋಡ್ತಾರೆ?" ಮೂರು ವರ್ಷದ ಹಿಂದೆ ದೊಡ್ಡಪ್ಪ ಕೇಳಿದ್ದರು. ನಮ್ಮದು ತೊಗಲುಗೊಂಬೆ ಆಡಿಸುವ ಮನೆ. ಕಾಂಬೋಡಿಯದಲ್ಲಿ ಸತ್ತವರ ಆ ಕಥೆ ಈಗ ಹಾಸನ ಜಿಲ್ಲೆಯಲ್ಲೇ ಹತ್ತಿರ ಹತ್ತಿರ ಮೂವತ್ತು ಆಟ ಆಗಿದೆ. ತೊಗಲು ಹದ ಮಾಡುವುದು, ಉಳಿ ಹೊಡೆಯುವುದು ಬೇರೆಯೇ ಕಥೆ. ಅದನ್ನು ಬಿಡುತ್ತೇನೆ.

ನಾನು ಮೊದಲು ಎಡವಿದ್ದು ತಲೆಬುರುಡೆಯಲ್ಲಿ. 1975ರ ಏಪ್ರಿಲ್ 17ಕ್ಕೆ ಕಾಂಬೋಡಿಯದ ಕಮ್ಯುನಿಸ್ಟ್ ಬಂಡುಕೋರರಾದ ಖಮೇರ್ ರೂಜ್‌ನವರು ರಾಜಧಾನಿ ನಾಮ್‌ಪೆನ್‌ಗೆ ನುಗ್ಗಿ ಇಡೀ ಊರನ್ನೇ ಖಾಲಿ ಮಾಡಿಸಿದರು. 1979ರ ಜನವರಿಯಲ್ಲಿ ಅವರು ಬೀಳುವ ಹೊತ್ತಿಗೆ ಕೊಲೆ, ಹಸಿವು, ಕಾಯಿಲೆಯಲ್ಲಿ ಸುಮಾರು 17 ಲಕ್ಷ ಜನ ಹೋಗಿದ್ದರು. ಇದನ್ನೆಲ್ಲ ತೋರಿಸಲೇಬೇಕು ಅಂತ ಹದಿನಾಲ್ಕು ಮೇಕೆ ಚರ್ಮ ತಂದೆ. ಬುರುಡೆ, ಸಂಕೋಲೆ, ಸೈನಿಕರು, ಎಲ್ಲ ಕೊರೆದೆ. ಹದಿನೆಂಟು ಸಾವಿರದ ಹತ್ತಿರ ಕೈಬಿಟ್ಟಿತು. ಅರಕಲಗೂಡು ಕಡೆಯ ಒಂದು ಶಾಲೆಯಲ್ಲಿ ಆಡಿದರೆ ಹತ್ತೇ ನಿಮಿಷಕ್ಕೆ ಮಕ್ಕಳು ನಗತೊಡಗಿದರು. ಅವರ ತಪ್ಪಲ್ಲ. ಪರದೆ ಮೇಲೆ ಬುರುಡೆ ಅಲ್ಲಾಡಿದರೆ ದೆವ್ವದ ಕಥೆಯೇ ಕಾಣುವುದು. ಒಪ್ಪಿಕೊಂಡ ಮೂರು ಸಾವಿರದಲ್ಲಿ ಒಂದೂವರೆ ಕೊಟ್ಟು ಕಳಿಸಿದರು.

ಕಾಂಬೋಡಿಯದಲ್ಲಿ ಪ್ರತಿ ಮೇ 20ಕ್ಕೆ, ಜನರನ್ನು ಕೊಂದು ಹೂತ ಚೊಯುಂಗ್ ಎಕ್‌ನಲ್ಲಿ, ಆ ಹಿಂಸೆಯನ್ನೇ ನಟಿಸಿ ತೋರಿಸುತ್ತಾರೆ. ಅಲ್ಲಿ ನೋಡುವವರ ಮನೆಯಲ್ಲೇ ಸಾವಾಗಿದೆ. ನಮ್ಮವರಿಗೆ ಸತ್ತವರ ಪರಿಚಯವೇ ಇಲ್ಲ. ಮೊದಲು ಪರಿಚಯ ಆಗಬೇಕು, ಅಲ್ವಾ?

ಆ ಪರಿಚಯ ನನಗೇ ಆದದ್ದು ಕಾಂಬೋಡಿಯದ ನೆರಳಾಟ ಸ್ಬೆಕ್ ಥೋಮ್ ಬಗ್ಗೆ ತಿಳಿದಾಗ. ಅವರದ್ದೂ ತೊಗಲುಗೊಂಬೆ, ಅವರದ್ದೂ ರಾಮಾಯಣ. ಎರಡು ಮೀಟರ್‌ವರೆಗಿನ ಗೊಂಬೆಗಳು, ಕೈಕಾಲಿಗೆ ಕೀಲಿಲ್ಲ. ಖಮೇರ್ ರೂಜ್ ಕಾಲದಲ್ಲಿ ಆ ಕಲೆ ಹೆಚ್ಚುಕಡಿಮೆ ಅಳಿದೇಹೋಯಿತು. 1979ರ ನಂತರ ಉಳಿದವರು ಮತ್ತೆ ಕಟ್ಟಿದರು. 2005ರಲ್ಲಿ ಯುನೆಸ್ಕೋ ಗುರುತಿಸಿತು. ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಸುಬಿನವರೇ ಹೋಗಿದ್ದರು.

ಬುರುಡೆಗಳನ್ನೆಲ್ಲ ಕಟ್ಟಿಟ್ಟೆ. ಮನೆಯ ಹಳೇ ಸುಂದರಕಾಂಡದ ಗೊಂಬೆಗಳೇ ಸಾಕಾದವು. ಇಪ್ಪತ್ತು ನಿಮಿಷ ಎಂದಿನಂತೆ ಆಟ. ಕಿಳ್ಳೇಕ್ಯಾತ ನಗಿಸುತ್ತಾನೆ, ಹನುಮ ಉಂಗುರ ಹಿಡಿದು ಸೀತೆಯ ಮುಂದೆ ಕೂರುತ್ತಾನೆ. ಹಾಡುತ್ತಿದ್ದ ಪದ ಸಾಲಿನ ಮಧ್ಯದಲ್ಲೇ ನಿಲ್ಲುತ್ತದೆ. ಗೊಂಬೆಗಳು ಒಂದೊಂದಾಗಿ ಪರದೆಯಿಂದ ಹೋಗುತ್ತವೆ. ಆಮೇಲೆ ಬರೀ ಬೆಳಕು. ಒಂದು ನಿಮಿಷಕ್ಕಿಂತ ಜಾಸ್ತಿ ಹಾಗೇ ಬಿಡಬೇಕು, ಎಷ್ಟೇ ಭಯವಾದರೂ. ನಾಮ್‌ಪೆನ್ನಿನ ಕಥೆ, ಆ 17 ಲಕ್ಷ, ಎಲ್ಲ ಹೇಳುವುದು ಈ ಖಾಲಿ ಪರದೆಯ ಮುಂದೆ. ಮೊದಲೇ ಹೇಳಿದರೆ ಕೆಡುತ್ತದೆ. ಯಾವ ಸಾಲಿಗೆ ನಿಲ್ಲಿಸುತ್ತೇನೆ, ದೀಪ ಹೇಗೆ ಇಳಿಸುತ್ತೇನೆ ಅನ್ನುವುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕೊನೆಗೆ ಪರದೆ ಮೇಲೆ ಒಬ್ಬ ಮುದುಕ ಬಂದು ಅದೇ ಪದ ಶುರು ಮಾಡುತ್ತಾನೆ. ಮರೆತುಹೋಗುತ್ತದೆ. ಸಕಲೇಶಪುರದ ಹತ್ತಿರ ಒಂದು ತೋಟದ ಕೂಲಿಯವರ ಲೈನ್‌ಮನೆಗಳಲ್ಲಿ ಆಡುವಾಗ, ಆ ಮೌನದಲ್ಲಿ ಹಿಂದಿನಿಂದ ಒಬ್ಬ ಅಜ್ಜಿ ಮುಂದಿನ ಸಾಲು ಹೇಳಿದರು. ಎದ್ದೂ ನಿಲ್ಲಲಿಲ್ಲ, ಮೊಮ್ಮಗು ತೊಡೆ ಮೇಲೆ ಮಲಗಿತ್ತು. ಇನ್ಯಾರೋ ದನಿಗೂಡಿಸಿದರು. ಮದ್ದಳೆ ಹಿಡಿದಿದ್ದ ದೊಡ್ಡಪ್ಪನಿಗೆ ಬಾರಿಸಲು ಆಗಲಿಲ್ಲ. ಅದಾದಮೇಲೆ ಅವರು ಬೇಡ ಅಂದಿಲ್ಲ.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಸ್ಬೆಕ್ ಥೋಮ್‌ನವರು ಪರದೆಯ ಹಿಂದೆ ದೊಡ್ಡ ಬೆಂಕಿ ಹಾಕುತ್ತಾರಂತೆ, ನಾವೂ ನೋಡೋಣ ಅಂತ ಅರಸೀಕೆರೆಯಲ್ಲಿ ಎರಡು ಮೂಟೆ ಕರಟ ಉರಿಸಿದೆವು. ನೆರಳು ಜೀವ ಬಂದ ಹಾಗೆ ನಡುಗಿತು. ಆದರೆ ಹೊಗೆಗೆ ಹಾಡುವವರ ಗಂಟಲು ಕಟ್ಟಿ, ಪರದೆಗೆ ಕಿಡಿ ಹಾರಿ, ಹತ್ತಿರ ಎರಡು ಸಾವಿರ ಹೋಯಿತು. ಬಯಲಲ್ಲಿ, ಗಾಳಿ ಇಲ್ಲದ ದಿನ ಮತ್ತೆ ಮಾಡುತ್ತೇನೆ.

ಸಕಲೇಶಪುರದ ಆ ಆಟ ಮುಗಿದಮೇಲೆ ಅಜ್ಜಿ ಹತ್ತಿರ ಬಂದು ಕೇಳಿದರು: "ಆ ಮುದುಕಪ್ಪ ಆಮೇಲೆ ಯಾರಿಗೆ ಕಲಿಸ್ದ ಮಗಾ?" ಈಗ ಒಂದು ಹುಡುಗನ ಗೊಂಬೆ ಕೊರೆಯುತ್ತಿದ್ದೇನೆ. ಬಲಗೈ ಕೀಲು ಇನ್ನೂ ಸರಿಯಾಗಿ ಕೂತಿಲ್ಲ.