ಒಂಬತ್ತನೇ ನಿಮಿಷಕ್ಕೇ ಕೊಲೆ ಮುಗಿಸಿದೆ

ನನ್ನ ಕಿರುಚಿತ್ರದ ಸೇಡಿನ ಕತೇಲಿ ಕೊಲೆನ ಕ್ಲೈಮ್ಯಾಕ್ಸ್‌ಗೆ ಇಡಲ್ಲ, 9ನೇ ನಿಮಿಷಕ್ಕೇ ಮುಗಿಸ್ತೀನಿ ಅಂದಾಗ ನಮ್ಮ ಎಡಿಟರ್ "ಮಾರಾಯ, ಆಮೇಲೆ 20 ನಿಮಿಷ ಜನ ಏನ್ ನೋಡ್ಬೇಕು?" ಅಂತ ಫೋನೇ ಇಟ್ಟ. ಹೋದ ತಿಂಗಳು ತೀರ್ಥಹಳ್ಳಿ ಹತ್ರ ತೋರ್ಸಿದ್ವಿ, ಒಬ್ರೂ ಎದ್ದು ಹೋಗ್ಲಿಲ್ಲ, ಅದಕ್ಕೇ ಬರೀತಿದೀನಿ.

ಇದೇ ಕತೇನ ಮೊದಲ ಸಲ ಮಾಡಿದ್ದು ಎಲ್ರ ಥರಾನೇ. ಬೇಲಿ ಜಗಳದಲ್ಲಿ ಅಣ್ಣ ಸಾಯ್ತಾನೆ, ತಮ್ಮ ಸೊಂಟದ ಕೊಕ್ಕೆಯಿಂದ ಕತ್ತಿ ತೆಗೀತಾನೆ, ಕಡೇಲಿ ಅಣ್ಣನ್ನ ಕೊಂದವನನ್ನ ಮಳೇಲಿ ಕಡೀತಾನೆ. ಜುಲೈ ತಿಂಗಳು, ಆಗುಂಬೆ ಕಡೆ, 4 ದಿನದಲ್ಲಿ 2 ದಿನ ಕ್ಯಾಮೆರಾ ಚೀಲದಿಂದ ಹೊರಗೇ ಬರ್ಲಿಲ್ಲ, ಬಾಡಿಗೆ ಮಾತ್ರ ಓಡ್ತಾನೇ ಇತ್ತು, 70 ಸಾವಿರದ ಹತ್ರ ಹೋಯ್ತು. ದುಡ್ಡು ಹೋಗ್ಲಿ, ಎಡಿಟ್ ಮಾಡಿ ತೋರ್ಸಿದ್ರೆ ಕಡಿಯೋ ಸೀನಿಗೆ ಹುಡುಗ್ರು ಸಿಳ್ಳೆ ಹೊಡೆದ್ರು. ನಂಗೆ ಹೊಟ್ಟೆ ತೊಳೆಸಿದ ಹಾಗಾಯ್ತು.

ದಾರಿ ಸಿಕ್ಕಿದ್ದು ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೇಲಿ. ಪರಶುರಾಮನ ಕೊಡಲಿಗೆ ಅಂಟಿದ ರಕ್ತ ಎಲ್ಲೂ ಹೋಗದೆ ಇಲ್ಲಿ ತುಂಗೇಲಿ ಹೋಯ್ತು ಅಂತ ಸಣ್ಣವರಿದ್ದಾಗಿಂದ ಕೇಳಿದೀವಲ್ಲ. ಕೊಡಲಿದು ಹೋಯ್ತು, ಕೈಗೆ ಅಂಟಿದ್ದು?

ಹಾಗಾಗಿ ಎರಡನೇ ಸಲ ಕೊಲೆನ ಬೇಗ ಮುಗಿಸಿ, ಕತ್ತಿ ಬಿಟ್ಟು ಕೊಂದವನ ಕೈ ಮೇಲೆ ಕತೆ ಕಟ್ಟಿದೆ. ರಕ್ತಕ್ಕೆ ಸಿರಪ್ ಬದಲು ಚೊಗರು, ಅಂದ್ರೆ ಅಡಿಕೆ ಬೇಯ್ಸಿದಾಗ ಉಳಿಯೋ ಕೆಂಪು ನೀರು, ಹಾಕ್ದೆ, ಜೊತೆಗೆ ಇನ್ನೆರಡು ಸೇರ್ಸಿದೀನಿ, ಅದನ್ನ ಮಾತ್ರ ಹೇಳಲ್ಲ. ನಮ್ಮ ಹೀರೋ ಎಷ್ಟು ತಿಕ್ಕಿದ್ರೂ 5 ದಿನ ಉಗುರು ಸಂದಿ ಕೆಂಪಗೇ ಇತ್ತು, ಹಾಗೇ ಊಟಕ್ಕೆ ಕೂರ್ಸಿದೆ. ಅಮ್ಮನ ಪಾರ್ಟ್ ಮಾಡಿದವ್ರು ಸಾರು ಬಡಿಸೋಕೆ ಬಗ್ಗಿದವ್ರು ಆ ಉಗುರು ನೋಡಿ ಸೌಟು ಹಿಡ್ಕೊಂಡೇ ನಿಂತ್ಬಿಟ್ರು, ಸಾರು ತೊಟ್ಟಿಕ್ತಾ ಇದೆ, ಅವನು ತಲೆ ಎತ್ತಲ್ಲ. ಸ್ಕ್ರಿಪ್ಟಲ್ಲಿ ಇರ್ಲಿಲ್ಲ ಅದು. ನಾನು ಕಟ್ ಹೇಳ್ಲಿಲ್ಲ, 40 ಸೆಕೆಂಡ್ ಇರ್ಬಹುದು, ಪೂರ್ತಿ ಇಟ್ಟಿದೀನಿ, ಮ್ಯೂಸಿಕ್ಕೂ ಹಾಕಿಲ್ಲ. ಇಂಥ ಶಾಟ್ ನಮ್ಮ ಕಡೆ ಯಾರೂ ತೆಗೆದಿದ್ದು ನಾನಂತೂ ನೋಡಿಲ್ಲ.

ನಡುವೆ ಒಂದು ಯಕ್ಷಗಾನದ ತುಣುಕೂ ಶೂಟ್ ಮಾಡಿದ್ದೆ. ಅಪ್ಪನ ಸಾವಿಗೆ ಸೇಡು ಅಂತ ಹೋದ ಅಶ್ವತ್ಥಾಮ ಮಲಗಿದ್ದ ಉಪಪಾಂಡವರನ್ನ ಕೊಲ್ಲೋದು, ಆಮೇಲೆ ಹಣೆಯ ಮಣಿ ಕಳ್ಕೊಂಡು ಗಾಯ ಹೊತ್ಕೊಂಡು ಅಲೆಯೋದು. ವೇಷ, ಹಿಮ್ಮೇಳ ಎಲ್ಲಾ ಸೇರಿ 12 ಸಾವಿರ ಆಯ್ತು. ಚೆನ್ನಾಗೇ ಬಂದಿತ್ತು, ಆದ್ರೆ ಸೌಟು ಹೇಳಿದ್ದನ್ನೇ ಇನ್ನೊಂದ್ಸಲ ಹೇಳ್ತಿತ್ತು, ತೆಗೆದೆ. ಅದೂ ಸೇರಿ ಎರಡನೇ ಸಲದ ಖರ್ಚು 55 ಸಾವಿರದ ಆಸುಪಾಸು, ಲೊಕೇಶನ್ ಎಲ್ಲಾ ನಮ್ಮನೆ ಅಡುಗೆಮನೆ, ಬಚ್ಚಲು, ಅಂಗಳ.

ಈ ಸಲಾನೂ ಕಡಿಯುವಾಗ ಎರಡು ಸಿಳ್ಳೆ ಬಿತ್ತು. ಸೌಟಿನ ಹತ್ರ ಬಂದಾಗ ಕೆಮ್ಮೋ ಸದ್ದೂ ಇಲ್ಲ. ಮುಗಿದ ಮೇಲೆ ಹಿಂದೆ ಕೂತಿದ್ದ ಒಬ್ರು ಅಮ್ಮ ಬಂದು "ತಮಾ, ಕಡಿಸ್ಕೊಂಡು ಸತ್ತವನಿಗೆ ಮಗಳಿದ್ಲಲ್ಲ, ಅವಳ ಗತಿ ಏನಾಯ್ತು?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ. ಈಗ ಅವಳ ಕತೆನೇ ಬರೀತಿದೀನಿ, ಅಡಿಕೆ ಕೊಯ್ಲು ಶುರುವಾಗ್ಲಿ, ಚೊಗರು ಸಿಗತ್ತೆ.