ಮೂಗಿನ ಮೇಲೊಂದು ಶಾವಿಗೆ ಎಳೆ

ಗಂಜಿ ತಿಳಿ ಹಚ್ಚಿದರೆ ಶಾವಿಗೆ ಎಳೆ ಮೂಗಿನ ಮೇಲೆ ನಿಲ್ಲುತ್ತದೆ. ಇದು ಗೊತ್ತಾಗಲು ನನಗೆ ನಾಲ್ಕು ಸಂಜೆ ಹಿಡಿಯಿತು. ಜಾಸ್ತಿ ಬೆಂದ ಎಳೆ ಜಾರಿ ಬೀಳುತ್ತಿತ್ತು. ಅರೆಬೆಂದದ್ದು ಅಂಟುತ್ತಲೇ ಇರಲಿಲ್ಲ.

ಸ್ಟುಟ್‌ಗಾರ್ಟ್‌ನಲ್ಲಿ ಜರ್ಮನ್ ಕಲಿಯುತ್ತಿದ್ದ ದಿನಗಳವು. ಕೋರ್ಸ್ ಮುಗಿಯುವ ದಿನ ಒಂದು ಸಣ್ಣ ಪ್ರಹಸನ ಆಡಬೇಕಿತ್ತು. ನಾನು ಆರಿಸಿಕೊಂಡಿದ್ದು ಜರ್ಮನಿಯ ಹಾಸ್ಯಗಾರ ಲೊರಿಯೊ ಅವರ ಶಾವಿಗೆ ದೃಶ್ಯ. ಹೋಟೆಲಿನಲ್ಲಿ ಒಬ್ಬ ಗಂಡಸು ಸೂಪ್ ಕುಡಿದು ಬಾಯಿ ಒರೆಸಿಕೊಳ್ಳುತ್ತಾನೆ. ಒಂದು ಎಳೆ ಮುಖಕ್ಕೆ ಅಂಟುತ್ತದೆ. ಅದು ಗೊತ್ತಿಲ್ಲದೆ, ಎದುರಿಗೆ ಕೂತ ಹಿಲ್ಡೆಗಾರ್ಡ್‌ಗೆ ತನ್ನ ಪ್ರೀತಿ ಹೇಳಲು ಹೊರಡುತ್ತಾನೆ. ಆಕೆ ಬಾಯಿ ತೆರೆದಾಗಲೆಲ್ಲ ‘ಈಗ ಏನೂ ಹೇಳಬೇಡಿ’ ಎಂದು ತಡೆಯುತ್ತಾನೆ. ಎಳೆ ಮಾತ್ರ ಮೂಗು, ಹಣೆ, ಬೆರಳು ಅಂತ ತಿರುಗುತ್ತಲೇ ಇರುತ್ತದೆ.

ಲೊರಿಯೊ ಅವರ ನಿಜವಾದ ಹೆಸರು ವಿಕ್ಕೊ ಫಾನ್ ಬ್ಯೂಲೋ. ಹುಟ್ಟಿದ್ದು 1923ರಲ್ಲಿ, ಬ್ರಾಂಡೆನ್‌ಬುರ್ಗ್‌ನಲ್ಲಿ. ಫ್ರೆಂಚಿನಲ್ಲಿ ಲೊರಿಯೊ ಅಂದರೆ ನಮ್ಮ ಹೊನ್ನಕ್ಕಿಯ ಜಾತಿಯ ಹಕ್ಕಿ. ಅವರ ಮನೆತನದ ಲಾಂಛನದಲ್ಲಿ ಆ ಹಕ್ಕಿ ಇದೆ. ಮೊದಲು ವ್ಯಂಗ್ಯಚಿತ್ರ ಬರೆಯುತ್ತಿದ್ದರು. 1967ರಿಂದ ಇದೇ ಸ್ಟುಟ್‌ಗಾರ್ಟ್‌ನ ವಾಹಿನಿಗೆ ಕಾರ್ಯಕ್ರಮ ಮಾಡುತ್ತಾ ತಾವೇ ಟೀವಿ ಪರದೆಗೆ ಬಂದರು. 1976ರಿಂದ 78ರವರೆಗೆ ರೇಡಿಯೊ ಬ್ರೆಮೆನ್‌ಗೆ ಮಾಡಿದ ಟೀವಿ ಕಾರ್ಯಕ್ರಮ ಬರೀ ಆರು ಕಂತು. ಅವುಗಳ ಸಾಲುಗಳು ಇಂದಿಗೂ ಜರ್ಮನರಿಗೆ ಬಾಯಿಪಾಠ. ಮೊದಲ ಸಿನಿಮಾ ಬಂದಾಗ ಅವರಿಗೆ 64 ವರ್ಷ! ಮೂರು ವರ್ಷದ ಮೇಲೆ ಇನ್ನೊಂದು. ಎರಡಕ್ಕೂ ನಿರ್ದೇಶಕರೂ ಅವರೇ, ನಾಯಕರೂ ಅವರೇ.

ತಾಲೀಮಿನಲ್ಲಿ ನಾನು ಮೊದಲು ಹುಬ್ಬು ಹಾರಿಸಿದೆ, ಕಣ್ಣು ಹೊರಳಿಸಿದೆ. ಯಾರೂ ನಗಲಿಲ್ಲ. ನಮ್ಮ ಟೀಚರ್ ನಿಲ್ಲಿಸಿ ಹೇಳಿದರು: “ನಗಿಸೋಕೆ ಹೋಗಬೇಡಿ. ನೀವು ಒಬ್ಬ ಹೆಂಗಸಿನ ಹತ್ತಿರ ಪ್ರೀತಿ ಹೇಳಿಕೊಳ್ತಾ ಇದೀರಿ. ಅಷ್ಟನ್ನೇ ಮಾಡಿ.”

ಮನೆಗೆ ಬಂದು ಮೂಲ ದೃಶ್ಯವನ್ನು ದನಿ ಬಂದ್ ಮಾಡಿ ನೋಡಿದೆ. ನೆಟ್ಟಗೆ ಕೂತ ಬೆನ್ನು, ಸೂಟು, ಅಳೆದಂತೆ ಆಡುವ ಕೈ. ಮುಖದಲ್ಲಿ ತಮಾಷೆಯ ಗೆರೆಯೇ ಇಲ್ಲ. ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ಪ್ರೀತಿಯ ಮಾತು ಅಲ್ವಾ, ನಾನು ಮನಸ್ಸಿನಲ್ಲಿ ಎಲ್ಲವನ್ನೂ ‘ನೀನು’ ಅಂತಲೇ ಮಾಡಿಕೊಂಡಿದ್ದೆ. ಆತ ಆಕೆಯನ್ನು ಕರೆಯುವುದು ‘ನೀವು’ ಅಂತ. ಅದನ್ನು ‘ನೀವು’ ಅಂತ ಕೇಳಿಸಿಕೊಂಡ ಮೇಲೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಮರ್ಯಾದೆಗೆ ಅಂಜುವ ಒಬ್ಬ ಮನುಷ್ಯ, ಮೂಗಿನ ಮೇಲೆ ಶಾವಿಗೆ. ಇದಕ್ಕಿಂತ ಬೇರೆ ನಟನೆ ಬೇಕಿರಲಿಲ್ಲ.

ನಿಜವಾಗಿ ಕಷ್ಟದ ಪಾತ್ರ ಹಿಲ್ಡೆಗಾರ್ಡ್‌ದು. ಮಾತು ಹೆಚ್ಚಿಲ್ಲ, ನೋಟವೇ ಎಲ್ಲ. ಮೂಲದಲ್ಲಿ ಅದನ್ನು ಮಾಡಿದವರು ಎವೆಲಿನ್ ಹಾಮನ್. ನನ್ನ ಜೊತೆಗಾತಿ ಪ್ರತಿ ಸಲ ಮನಸ್ಸಿನಲ್ಲೇ ಮೂರು ಎಣಿಸಿ ಆಮೇಲೆ ಎಳೆಯ ಕಡೆ ನೋಡುತ್ತಿದ್ದಳು. ಎರಡಕ್ಕೇ ನೋಡಿದರೆ ನಗು ಬರುತ್ತಿರಲಿಲ್ಲ. ಹಾಮನ್ 2007ರಲ್ಲಿ ತೀರಿಕೊಂಡಾಗ 83ರ ಲೊರಿಯೊ ಟೀವಿಯಲ್ಲಿ ಹೇಳಿದ ಮಾತು ಆಗ ನನಗೆ ಅರ್ಥವಾಯಿತು: ‘ಎವೆಲಿನ್, ನಿನ್ನ ಟೈಮಿಂಗ್ ಯಾವಾಗಲೂ ಸರಿಯಾಗಿತ್ತು. ಇವತ್ತು ಮಾತ್ರ ಸರದಿ ತಪ್ಪಿಸಿಬಿಟ್ಟೆ. ಇರು, ನೋಡ್ಕೋತೀನಿ.’

ಪ್ರಹಸನದ ದಿನ ಎಳೆ ಬೀಳಲಿಲ್ಲ. ಮೂರನೇ ಸಲ ನಾನು ಕೈ ಎತ್ತಿದ್ದೇ ತಡ, ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ನನಗಿಂತ ಮೊದಲೇ ಹೇಳಿಬಿಟ್ಟರು: “ಈಗ ಏನೂ ಹೇಳಬೇಡಿ, ಹಿಲ್ಡೆಗಾರ್ಡ್!”